ಸೀಸನ್ ಮುಗಿದ ಮೇಲೂ ಶಟರ್ ಎಳೆಯಲಿಲ್ಲ: ನನ್ನ ಅನುಭವ

ನೀರು 12 ಡಿಗ್ರಿಗೆ ಇಳಿಯಿತೆಂದರೆ ಜಲಕ್ರೀಡೆಯ ಸಾಮಾನು ಮಾರುವ, ಬಾಡಿಗೆಗೆ ಕೊಡುವ ನಮ್ಮಂಥ ಅಂಗಡಿಗಳ ಗಲ್ಲಾ ಖಾಲಿ. ಬೋರ್ಡು, ಕಯಾಕ್ ಎಲ್ಲ ತೊಳೆದು ರ್‍ಯಾಕಿಗೇರಿಸಿ ಐದು ತಿಂಗಳು ಶಟರ್ ಎಳೆಯುವುದೇ ವಾಡಿಕೆ. ಅಂಗಡಿ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು, ಅಲ್ವಾ? ನಾನು ಮುಚ್ಚುವುದಿಲ್ಲ ಎಂದಾಗ ನನ್ನ ಪಾಲುದಾರರೇ ಒಪ್ಪಲಿಲ್ಲ. "ಆ ಚಳಿಯಲ್ಲಿ ಯಾರ್ರೀ ನೀರಿಗಿಳೀತಾರೆ? ಸುಮ್ನೆ ಕರೆಂಟ್ ಬಿಲ್ ಕಟ್ತೀರಿ" ಎಂದರು. ಮಾಲು ಕೊಡುವವರೂ ಅದನ್ನೇ ಹೇಳಿದರು. ಈಗ ನಡೆಯುತ್ತಿರುವುದು ನಾಲ್ಕನೇ ಚಳಿಗಾಲ. ಕಳೆದ ಎರಡು ವರ್ಷ ಆ ಐದು ತಿಂಗಳ ಬಾಡಿಗೆ, ಇಬ್ಬರ ಸಂಬಳ ಎರಡೂ ಆ ತಿಂಗಳುಗಳ ದುಡಿಮೆಯಲ್ಲೇ ಹುಟ್ಟಿವೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ಕೈ ಸುಟ್ಟುಕೊಂಡೆ. ಚಳಿ ಎಂದರೆ ದಪ್ಪ ಸೂಟ್ ಎಂದುಕೊಂಡು 6/5 ವೆಟ್‌ಸೂಟ್ ಸುಮಾರು 20 ತರಿಸಿದೆ. ವೆಟ್‌ಸೂಟ್ ಎಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ನಿಯೊಪ್ರೀನ್ ರಬ್ಬರಿನ ಬಿಗಿ ಉಡುಪು; 6/5 ಎಂದರೆ ಮುಂಡಕ್ಕೆ 6, ಕೈಕಾಲಿಗೆ 5 ಮಿ.ಮೀ. ದಪ್ಪ. ಬೇಸಿಗೆಯ ಲಾಭದಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು. ಮಾರಿದ್ದು ಏಳೋ ಎಂಟೋ. ಅದರಲ್ಲೂ ಮೂವರು ವಾಪಸ್ ತಂದರು. ಭುಜ ಎತ್ತಲು ಆಗುವುದಿಲ್ಲ, ಅರ್ಧ ಗಂಟೆ ಪ್ಯಾಡಲ್ ಮಾಡಿದರೆ ತೋಳು ಸೋಲುತ್ತದೆ, ಇಷ್ಟು ದಪ್ಪ ಇದ್ದರೂ ಚಳಿ ಹೋಗಲಿಲ್ಲ ಎಂದರು. ಉಳಿದದ್ದನ್ನು ಕೊಂಡ ಬೆಲೆಗಿಂತ ಕಡಿಮೆಗೆ ಕೊಟ್ಟೆ.

ಮೂರನೆಯ ದೂರು ನನ್ನನ್ನು ಕಾಡಿತು. 6 ಮಿ.ಮೀ. ಇದ್ದೂ ಚಳಿ ಏಕೆ? ಒಂದು ಚಿಕ್ಕ ಥರ್ಮಾಮೀಟರಿನ ತಂತಿಯನ್ನು ಸೊಂಟದ ಹಿಂದೆ ಚರ್ಮಕ್ಕೆ ಅಂಟಿಸಿಕೊಂಡು ನಾನೇ ನೀರಿಗಿಳಿದೆ. ನೀರು 11 ಡಿಗ್ರಿ ಇತ್ತು. ಸ್ವಲ್ಪ ಸಡಿಲವಾದ 6/5 ಹಾಕಿದ್ದಾಗ ಪ್ರತಿ ಸಲ ಮಗುಚಿ ಏಳುವಾಗಲೂ ಕುತ್ತಿಗೆಯಿಂದ ಹೊಸ ನೀರು ನುಗ್ಗುತ್ತಿತ್ತು. 20 ನಿಮಿಷಕ್ಕೆ ತಂತಿ 22ರ ಆಸುಪಾಸು ತೋರಿಸಿತು. ಮೈಗೆ ಅಂಟಿ ಕೂತ 4/3, ಅದೂ ಹೊಲಿಗೆಗೆ ಒಳಗಿನಿಂದ ಟೇಪ್ ಇದ್ದದ್ದು, 28ರ ಕೆಳಗೆ ಇಳಿಯಲೇ ಇಲ್ಲ. ಆಮೇಲೆ ಇನ್ನೂ ನಾಲ್ಕೈದು ಸೂಟ್ ಹೀಗೇ ನೋಡಿದೆ. ಫ್ಲ್ಯಾಟ್‌ಲಾಕ್ ಹೊಲಿಗೆಯ ಸೂಟ್ ಎಷ್ಟು ದಪ್ಪವಿದ್ದರೂ ಆ ನೀರಿಗೆ ನಾಲಾಯಕ್. ಸೂಜಿ ಆರಪಾರ ಹೋದ ಪ್ರತಿ ತೂತಿನಿಂದಲೂ ನೀರು ಜಿನುಗುತ್ತದೆ. ಅಂದಿನಿಂದ ಚಳಿಗಾಲಕ್ಕೆ ಅಂಟು ಹಾಕಿ, ಸೂಜಿ ಆರಪಾರ ಹೋಗದಂತೆ ಬ್ಲೈಂಡ್‌ಸ್ಟಿಚ್ ಮಾಡಿದ್ದನ್ನು ಬಿಟ್ಟು ಬೇರೆ ತರಿಸಿಲ್ಲ.

ಸೂಟ್ ಕೂರಿಸಿ ನೋಡುವುದಕ್ಕೆ ಸಮಯ ಬೇಕು. ಬೇಸಿಗೆಯಲ್ಲಿ ಅದು ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ನನ್ನ ಬಳಿ ಇರುವುದೇ ಸಮಯ. ಒಬ್ಬ ಗಿರಾಕಿಗೆ ಮುಕ್ಕಾಲು ಗಂಟೆ ಕೊಡುತ್ತೇನೆ. ಸೂಟ್ ಹಾಕಿಕೊಂಡು ಅಂಗಡಿಯಲ್ಲೇ 15 ನಿಮಿಷ ಓಡಾಡಿ ಎನ್ನುತ್ತೇನೆ. ಕೈ ಮೇಲೆತ್ತಿಸುತ್ತೇನೆ, ಕುಕ್ಕರುಗಾಲಲ್ಲಿ ಕೂರಿಸುತ್ತೇನೆ. ಸೊಂಟದ ಹಿಂದೆ ಬಟ್ಟೆ ಒಂದು ಹಿಡಿ ಸಿಕ್ಕಿದರೆ ಸೈಜ್ ತಪ್ಪು. ಕಂಕುಳಲ್ಲಿ ಗಾಳಿ ನಿಂತರೂ ತಪ್ಪು. ತೂಕ ಕೇಳಿ ಸೈಜ್ ಹೇಳುವುದನ್ನು ಬಿಟ್ಟಿದ್ದೇನೆ. ಎದೆ ಸುತ್ತಳತೆ, ಎತ್ತರ ಎರಡೇ ನೋಡುತ್ತೇನೆ. ಕಳೆದ ಚಳಿಗಾಲ ವಾಪಸ್ ಬಂದದ್ದು ಒಂದೇ ಒಂದು ಸೂಟ್.

ಇನ್ನೊಂದು ಮಾತು. ದಪ್ಪ ಸೂಟ್ ಮಾರುವ ಮುಂಚೆ ಬೂಟು, ಹುಡ್, ಗ್ಲೌಸ್ ಮಾರಿ. ಗಿರಾಕಿಯ ಹಳೆಯ 4/3 ಚೆನ್ನಾಗಿದ್ದರೆ ಹುಡ್ ಮತ್ತು 5 ಮಿ.ಮೀ. ಬೂಟು ಹಾಕಿದರೆ ಸಾಕು, ಒಂದೂವರೆ ತಿಂಗಳು ಜಾಸ್ತಿ ನೀರಿನಲ್ಲಿರುತ್ತಾರೆ. ಅವರಿಗೆ ಹೊಸ ಸೂಟಿನ ಮೂರನೇ ಒಂದು ಪಾಲು ಖರ್ಚು. ನನಗೆ ಸಿಗುವ ಲಾಭದ ಅಂಶ ಅದರಲ್ಲೇ ಹೆಚ್ಚು. ಗ್ಲೌಸ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 5 ಮಿ.ಮೀ. ಹಾಕಿದರೆ ಪ್ಯಾಡಲಿನ ಹಿಡಿತವೇ ತಿಳಿಯುವುದಿಲ್ಲ. ಕಯಾಕಿನವರಿಗೆ ನಾನು ಪ್ಯಾಡಲಿಗೇ ಕಟ್ಟುವ, ಕೈ ತೂರಿಸುವ ಚೀಲದಂಥ ಪೋಗಿ ಕೊಡುತ್ತೇನೆ. ಒಳಗೆ ಬರಿಗೈ, ಹಿಡಿತ ಪೂರ್ತಿ.

ನೀರು 10ಕ್ಕಿಂತ ಕೆಳಗೆ ಹೋದರೆ ಕಯಾಕಿನವರಿಗೆ ನೀರನ್ನೇ ಒಳಗೆ ಬಿಡದ ಡ್ರೈಸೂಟ್ ಎಂದೇ ಹೇಳುತ್ತೇನೆ. ಇಲ್ಲಿ ವ್ಯಾಪಾರದ ಮಾತಿಲ್ಲ. ತಣ್ಣೀರಿಗೆ ಬಿದ್ದವರ 1-10-1 ಲೆಕ್ಕ ನಿಮಗೆಲ್ಲ ಗೊತ್ತು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೇಳುವುದು 10 ನಿಮಿಷ, ಪ್ರಜ್ಞೆ ಉಳಿಯುವುದು 1 ಗಂಟೆ. ಬಿಸಿಲು ಚೆನ್ನಾಗಿದೆ ಎಂದು 8 ಡಿಗ್ರಿ ನೀರಿಗೆ ಬೇಸಿಗೆಯ ಗಿಡ್ಡ ಸೂಟ್ ಬಾಡಿಗೆಗೆ ಕೇಳಿದವರನ್ನು ವಾಪಸ್ ಕಳಿಸಿದ್ದೇನೆ. ಕೋಪ ಮಾಡಿಕೊಂಡು ಹೋದವರಲ್ಲಿ ಇಬ್ಬರು ಈಗ ನನ್ನ ಕಾಯಂ ಗಿರಾಕಿಗಳು.

ನಿಜವಾದ ದುಡ್ಡು ಇರುವುದು ಸೂಟ್ ರಿಪೇರಿಯಲ್ಲಿ. ಚಳಿಗಾಲದ ಆದಾಯದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಲ್ಲಿಂದಲೇ ಬರುತ್ತದೆ. ಶುರುವಿನಲ್ಲಿ ಅದೂ ನಷ್ಟವೇ. ಅಂಟು ತೆಳುವಾಗಿ ಎರಡು ಸಲ ಹಚ್ಚಿ, ಪ್ರತಿ ಸಲ ಹತ್ತು ನಿಮಿಷ ಬಿಟ್ಟು, ಒತ್ತಿ ಹಿಡಿದೆ. ಎಲ್ಲ ಸರಿಯಾಗಿಯೇ ಮಾಡಿದ್ದೆ. ಆದರೂ ತಿಂಗಳೊಳಗೆ 11 ಸೂಟ್ ಅಂಟು ಬಿಟ್ಟುಕೊಂಡು ವಾಪಸ್ ಬಂದವು. ಎಲ್ಲವನ್ನೂ ಪುಕ್ಕಟೆ ಮತ್ತೆ ಮಾಡಿಕೊಟ್ಟೆ. ತಪ್ಪು ಅಂಟಿನದಲ್ಲ. ಮೇಲೆ ಒಣಗಿದಂತೆ ಕಂಡರೂ ನಿಯೊಪ್ರೀನಿನ ಅಸ್ತರಿನಲ್ಲಿ ತೇವ ಇತ್ತು, ಕೋಣೆಯೂ ತಣ್ಣಗಿತ್ತು. ಈಗ ಎರಡು ದಿನ ನೇತುಹಾಕುತ್ತೇನೆ, ಕೋಣೆಯನ್ನು 20 ಡಿಗ್ರಿಯಲ್ಲಿ ಇಡುತ್ತೇನೆ. ಅಂಟಿಗೆ ಮುಂಚೆ ಜಾಗವನ್ನು ಯಾವುದರಿಂದ ಒರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಚಳಿಗಾಲ ಕಷ್ಟಪಟ್ಟು ಕಂಡುಕೊಂಡದ್ದು ಅದು.

ನಡುವೆ ಏನೇನೋ ಮಾಡಿ ನೋಡಿದೆ. ಫ್ಲಾಸ್ಕಿನ ಬಿಸಿನೀರನ್ನು ಸೂಟಿನೊಳಗೆ ಸುರಿದು ಇಳಿದರೆ ಮೊದಲ ಹತ್ತು ನಿಮಿಷ ಹಾಯಾಗಿರುತ್ತದೆ, ಆಮೇಲೆ ಏನೂ ವ್ಯತ್ಯಾಸವಿಲ್ಲ. ಆದರೆ ಬೆರಳು ಮರಗಟ್ಟಿ ಹೊರಬಂದವರಿಗೆ ಬೂಟು ಬಿಚ್ಚುವ ಮೊದಲು ಉಗುರುಬೆಚ್ಚಗಿನ ನೀರು ಹಾಕಿಕೊಟ್ಟರೆ ಬಹಳ ಖುಷಿಪಡುತ್ತಾರೆ. ರಿಪೇರಿಗೆ ಆಗದ ಹಳೆಯ ಸೂಟುಗಳನ್ನು ಕತ್ತರಿಸಿ ಕಯಾಕಿನ ಸೀಟ್ ಪ್ಯಾಡ್, ಮೊಣಕಾಲಿನ ಪ್ಯಾಡ್ ಮಾಡಿದೆ. ಮೊದಲು ಮಾಡಿದ ಮೂವತ್ತು ಪ್ಯಾಡ್ ಎರಡೇ ವಾರದಲ್ಲಿ ಖರ್ಚಾದವು. ಕಸಕ್ಕೆ ಹೋಗಬೇಕಿದ್ದ ಮಾಲು ಅದು!

ಡ್ರೈಸೂಟಿನ ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ತಡೆಯುವ ಲ್ಯಾಟೆಕ್ಸ್ ಗ್ಯಾಸ್ಕೆಟ್ ಬದಲಿಸುವ ಕೆಲಸಕ್ಕೆ ಈಗ ದೂರದಿಂದಲೂ ಪಾರ್ಸೆಲ್ ಬರುತ್ತಿವೆ. ಸನ್‌ಸ್ಕ್ರೀನ್ ಮತ್ತು ಬಿಸಿಲಿಗೆ ಲ್ಯಾಟೆಕ್ಸ್ ಹೇಗೂ ಹಾಳಾಗುತ್ತದೆ, ಹಾಗಾಗಿ ಕೆಲಸ ನಿಲ್ಲುವುದಿಲ್ಲ. ಕುತ್ತಿಗೆಯದು ಅಳತೆಗೆ ಕತ್ತರಿಸುವುದೇ ಕಷ್ಟ. ಒಂದೊಂದೇ ಉಂಗುರ ಕತ್ತರಿಸಿ, ಹಾಕಿ ನೋಡಿ, ಮತ್ತೆ ಕತ್ತರಿಸಬೇಕು. ಕತ್ತರಿಯ ಒಂದು ಕಚ್ಚು ಉಳಿದರೂ ಅಲ್ಲಿಂದಲೇ ಹರಿಯುತ್ತದೆ. ನನಗೆ ಕೈ ಕೂರಲು ಆರು ಗ್ಯಾಸ್ಕೆಟ್ ಬೇಕಾಯಿತು. ಕರೆಂಟ್ ಬಿಲ್ ಮಾತೆತ್ತಿದ ಪಾಲುದಾರರು ಈ ವರ್ಷ ತಾವೇ ಕತ್ತರಿ ಹಿಡಿದಿದ್ದಾರೆ. ಮೂರು ಹರಿದಿದ್ದಾರೆ. ನಾಲ್ಕನೆಯದು ನಿನ್ನೆ ರಾತ್ರಿಯಿಂದ ಅಚ್ಚಿನ ಮೇಲೆ ಒಣಗುತ್ತಿದೆ.