ಹಳೇ ಇನ್ನೋವಾಕ್ಕೆ ಹೊಸ ಸೆಟ್: ಸ್ಟೀರಿಂಗ್ ಬಟನ್ ಉಳಿಸಿಕೊಂಡ ಬಗೆ

2012ರ ಇನ್ನೋವಾ ವಿಎಕ್ಸ್‌ಗೆ 9 ಇಂಚಿನ ಆ್ಯಂಡ್ರಾಯ್ಡ್ ಸ್ಟೀರಿಯೊ ಸೆಟ್ ಕೂರಿಸಿ ಎಂಟು ತಿಂಗಳಾಯಿತು. ಸ್ಟೀರಿಂಗ್ ಮೇಲಿನ ಒಂದು ಬಟನ್ನೂ ಸತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ ಮೂರು ಅಂಗಡಿಗಳಲ್ಲಿ ಎರಡರವರು "ಬಟನ್ ಬರಲ್ಲ ಸಾರ್, ಬಿಟ್ಬಿಡಿ" ಅಂದರು. ಮೂರನೆಯವರು 3,500 ರೂಪಾಯಿಯ ಕ್ಯಾನ್ ಬಾಕ್ಸ್ (ಕಾರಿನ ಡಿಜಿಟಲ್ ಸಂದೇಶಗಳನ್ನು ಸೆಟ್‌ಗೆ ಅನುವಾದಿಸುವ ಡಬ್ಬಿ) ಇಲ್ಲದೆ ಆಗುವುದೇ ಇಲ್ಲ ಎಂದರು. ಈ ಕಾರಿನ ಬಟನ್‌ಗಳಿಗೂ ಕ್ಯಾನ್‌ಗೂ ಸಂಬಂಧವೇ ಇಲ್ಲ. ಬೇಕಾಗಿದ್ದುದು ಸರಿಯಾದ ಜಾಗಕ್ಕೆ ಸೇರಿದ ಒಂದು ಗ್ರೌಂಡ್ (ಅರ್ಥ್) ವೈರ್, ಜೊತೆಗೆ ಒಂದೆರಡು ರೂಪಾಯಿಯ ರೆಸಿಸ್ಟರ್.

ಅಂಗಡಿಯವರು ಬರಲ್ಲ ಅನ್ನುವುದಕ್ಕೆ ಕಾರಣ ಸರಳ. ಮಾರುಕಟ್ಟೆಯಲ್ಲಿ ಸಿಗುವ ಟೊಯೊಟಾ ರೆಡಿಮೇಡ್ ಸಾಕೆಟ್‌ನಲ್ಲಿ ಇರುವುದು 10 ಪಿನ್ ಮತ್ತು 6 ಪಿನ್ ಕಪ್ಲರ್ (ವೈರುಗಳ ಕನೆಕ್ಟರ್) ಮಾತ್ರ. ಅಂದರೆ ಕರೆಂಟು ಮತ್ತು ಸ್ಪೀಕರ್. ಸ್ಟೀರಿಂಗ್ ವೈರುಗಳು ಬರುವುದು ಬೇರೆ ಕಪ್ಲರ್‌ನಲ್ಲಿ. ಅದಕ್ಕೆ ಜೋಡಿ ಸಿಗದ ಕಾರಣ ಅದನ್ನು ಡ್ಯಾಶ್ ಒಳಗೆ ತುರುಕಿ ಮುಚ್ಚಿಬಿಡುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಸತ್ತುಹೋದ ಟೊಯೊಟಾ ಸೆಟ್ ಒಂದನ್ನು 300 ರೂಪಾಯಿಗೆ ತಂದು, ಅದರ ಬೋರ್ಡಿನಿಂದ ಸಾಕೆಟ್ಟನ್ನು ಬೆಸುಗೆ ಬಿಡಿಸಿ ತೆಗೆದೆ. ಅದೇ ಜೋಡಿ. ಕಾರಿನ ಒಂದು ವೈರನ್ನೂ ಕತ್ತರಿಸಲಿಲ್ಲ.

ಟೊಯೊಟಾದಲ್ಲಿ ಸ್ಟೀರಿಂಗ್ ಬಟನ್‌ಗಳಿಗೆ ಮೂರು ವೈರು: ಸಂಕೇತದ ಎಸ್‌ಡಬ್ಲ್ಯು1, ಎಸ್‌ಡಬ್ಲ್ಯು2, ಮತ್ತು ಅವೆರಡರ ಗ್ರೌಂಡ್ ಆದ ಎಸ್‌ಡಬ್ಲ್ಯುಜಿ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಹಳೇ ಸೆಟ್ ಬಿಚ್ಚಿ, ಕೀ ಆಫ್ ಮಾಡಿ, ಕಪ್ಲರ್‌ನಲ್ಲೇ ಅಳೆಯಿರಿ. ಏರ್‌ಬ್ಯಾಗ್ ಕಡೆ ಹೋಗುವ ಅಗತ್ಯವೇ ಇಲ್ಲ. ಹಳದಿ ಕಪ್ಲರ್‌ಗೆ ಮೀಟರ್ ಹಚ್ಚಲೇಬೇಡಿ. ಬಟನ್ ಒತ್ತದಿದ್ದಾಗ ಸುಮಾರು 100 ಕಿಲೋ ಓಮ್ ತೋರಿಸಿ, ಒತ್ತಿದಾಗ ಇಳಿಯುವ ಜೋಡಿ ಹುಡುಕಬೇಕು. ಎರಡೂ ಜೋಡಿಗೆ ಸಾಮಾನ್ಯವಾಗಿರುವುದು ಎಸ್‌ಡಬ್ಲ್ಯುಜಿ. ನನಗೆ ಸಿಕ್ಕ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು: ಹಾಡು, ಸ್ಟೇಷನ್ ಬದಲಿಸುವ ಸೀಕ್ ಬಟನ್‌ನ 'ಮೇಲೆ' ಸೊನ್ನೆ, 'ಕೆಳಗೆ' 330 ಓಮ್, ವಾಲ್ಯೂಮ್ ಹೆಚ್ಚು 1 ಕಿಲೋ ಓಮ್, ವಾಲ್ಯೂಮ್ ಕಡಿಮೆ 3.1 ಕಿಲೋ ಓಮ್. ಮೋಡ್ ಮತ್ತು ಕರೆಯ ಬಟನ್‌ಗಳಿರುವ ಎಸ್‌ಡಬ್ಲ್ಯು2ರಲ್ಲೂ ಇವೇ ಅಂಕಿಗಳು. ಅಳೆಯುವಾಗ ಒಂದು ಬಟನ್ ಒತ್ತಿಹಿಡಿದು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿ. ಅಂಕಿ ಕುಣಿದರೆ ಸ್ಟೀರಿಂಗ್ ಒಳಗಿನ ಸ್ಪೈರಲ್ ಕೇಬಲ್ ಹೋಗಿದೆ ಎಂದರ್ಥ. ಆಗ ಯಾವ ಸೆಟ್ ಹಾಕಿದರೂ ಬಟನ್ ಕೈಕೊಡುತ್ತದೆ.

ಮೊದಲ ಸೋಲು: ಎಸ್‌ಡಬ್ಲ್ಯು1 ಮತ್ತು 2ನ್ನು ಸೆಟ್‌ನ ಕೀ1, ಕೀ2 ಎಂಬ ಬಟನ್ ವೈರುಗಳಿಗೆ ಕೊಟ್ಟೆ, ಎಸ್‌ಡಬ್ಲ್ಯುಜಿಯನ್ನು ಬಿಟ್ಟೆ. ಕಾರಿನಲ್ಲೇ ಎಲ್ಲೋ ಅರ್ಥ್ ಆಗಿರುತ್ತದೆ ಅಂದುಕೊಂಡಿದ್ದೆ. ಆಗಿರುವುದಿಲ್ಲ. ಹಳೇ ಸೆಟ್‌ನ ಒಳಗೇ ಅದು ಗ್ರೌಂಡ್‌ಗೆ ಸೇರುತ್ತಿತ್ತು. ಸೆಟ್ ತೆಗೆದ ಕೂಡಲೇ ಅದು ಗಾಳಿಯಲ್ಲಿ ನೇತಾಡುತ್ತದೆ, ಯಾವ ಬಟನ್ ಏನು ಮಾಡಬೇಕೆಂದು ಸೆಟ್‌ಗೆ ಕಲಿಸುವ ಪರದೆಯಲ್ಲಿ ಏನೂ ಮಿನುಗುವುದಿಲ್ಲ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ.

ಎರಡನೇ ಸೋಲು: ಎಸ್‌ಡಬ್ಲ್ಯುಜಿಯನ್ನು ಡ್ಯಾಶ್ ಒಳಗಿನ ಬೋಲ್ಟಿಗೆ ಬಾಡಿ ಅರ್ಥ್ ಮಾಡಿದೆ. ಬಟನ್‌ಗಳು ಬಂದವು. ರಾತ್ರಿ ಹೆಡ್‌ಲೈಟ್, ಎಸಿ ಎರಡೂ ಹಾಕಿದರೆ ಸೀಕ್ ಮೇಲೆ ಒತ್ತಿದಾಗ ಸೀಕ್ ಕೆಳಗೆ ಹೋಗುತ್ತಿತ್ತು. ಬೋಲ್ಟಿಗೂ ಸೆಟ್‌ನ ಕಪ್ಪು ವೈರಿಗೂ ನಡುವೆ 50 ಮಿಲಿವೋಲ್ಟ್‌ನಷ್ಟು ವ್ಯತ್ಯಾಸ ಕಂಡಿತು. ಎಸ್‌ಡಬ್ಲ್ಯುಜಿಯನ್ನು ಸೆಟ್‌ನ ಕಪ್ಪು ವೈರಿಗೇ, ಸಾಕೆಟ್‌ನಿಂದ ನಾಲ್ಕು ಇಂಚಿನೊಳಗೆ ಬೆಸೆದ ಮೇಲೆ ಆ ಕಾಟ ಬಹುಪಾಲು ನಿಂತಿತು. ಪೂರ್ತಿ ನಿಲ್ಲಲಿಲ್ಲ.

ಇಲ್ಲಿಂದ ನಿಜವಾದ ಕೆಲಸ. 50 ಮಿಲಿವೋಲ್ಟಿಗೆ ಬಟನ್ ಅದಲುಬದಲಾಗಬೇಕಾದರೆ ಸೆಟ್‌ನ ಒಳಗಿನ ಪುಲ್-ಅಪ್ ರೆಸಿಸ್ಟರ್ (ಕೀ ವೈರನ್ನು 3.3 ವೋಲ್ಟಿಗೆ ಎಳೆದಿಡುವುದು) ಈ ಬಟನ್‌ಗಳಿಗೆ ಹೊಂದುತ್ತಿಲ್ಲ ಅಂತಲೇ ಲೆಕ್ಕ. ಅದನ್ನು ತಿಳಿಯಲು ಸೆಟ್ ಬಿಚ್ಚಬೇಕಿಲ್ಲ. ಕೀ1ಕ್ಕೆ ಏನೂ ಜೋಡಿಸದೆ ಅಳೆದಾಗ 3.3 ವೋಲ್ಟ್. ಕೀ1 ಮತ್ತು ಗ್ರೌಂಡ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಇಟ್ಟಾಗ 0.3 ವೋಲ್ಟ್. ಅಂದರೆ ಒಳಗಿರುವುದು 10 ಕಿಲೋ ಓಮ್. ಹಾಗಿದ್ದರೆ ನಾಲ್ಕು ಬಟನ್‌ಗಳು ಬಂದು ನಿಲ್ಲುವುದು 0, 0.1, 0.3, 0.78 ವೋಲ್ಟಿನಲ್ಲಿ. ಸೀಕ್ ಮೇಲೆ ಕೆಳಗೆ ಎರಡರ ನಡುವೆ ಇರುವ ಅಂತರ ಬರೀ 0.1. ಗ್ರೌಂಡ್ ಸ್ವಲ್ಪ ಅಲುಗಿದರೂ ಗೊಂದಲ.

ಆ 10 ಕಿಲೋ ಓಮ್‌ಗೆ ಸಮಾಂತರವಾಗಿ, ಅಂದರೆ 3.3 ವೋಲ್ಟಿಗೂ ಕೀ1ಕ್ಕೂ ನಡುವೆ, 1.2 ಕಿಲೋ ಓಮ್ ಹಾಕಿದೆ. ಎರಡೂ ಸೇರಿ 1.07 ಕಿಲೋ ಓಮ್ ಆಯಿತು. ಈಗ ಬಟನ್‌ಗಳು 0, 0.8, 1.6, 2.45 ವೋಲ್ಟ್. ನಡುವೆ ಲಾರಿ ಹೋಗುವಷ್ಟು ಜಾಗ! ಕೀ2ಕ್ಕೂ ಇದೇ ಚಿಕಿತ್ಸೆ. ಕೆಲವು ಸೆಟ್‌ಗಳ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲೇ ಇದನ್ನು ಬದಲಿಸುವ ಆಯ್ಕೆ ಇರುತ್ತದೆ, ಮೊದಲು ಅಲ್ಲಿ ನೋಡಿ. ನನ್ನದರಲ್ಲಿ ಇರಲಿಲ್ಲ. ಬೋರ್ಡಿನಲ್ಲಿ 3.3 ವೋಲ್ಟನ್ನು ಯಾವ ಬಿಂದುವಿನಿಂದ ಎಳೆದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾರ ಕೂತು ಹುಡುಕಿದ್ದು, ಅದು ನನ್ನಲ್ಲೇ ಇರಲಿ. ಆ ರೆಸಿಸ್ಟರನ್ನು 12 ವೋಲ್ಟಿಗೆ ಮಾತ್ರ ಹಚ್ಚಬೇಡಿ, ಚಿಪ್ ಹೋಗುತ್ತದೆ.

ಕೀ ವೈರ್ ಒಂದೇ ಇರುವ ಸೆಟ್ ಕೊಳ್ಳಲೇಬೇಡಿ. ಮೊದಲು ತಂದಿದ್ದ ಅಗ್ಗದ ಸೆಟ್‌ನಲ್ಲಿ ಕೀ1 ಮಾತ್ರ ಇತ್ತು. ಎರಡೂ ವೈರನ್ನು ಸೇರಿಸಿದರೆ ಮೋಡ್ ಒತ್ತಿದಾಗಲೂ ಸೀಕ್ ಒತ್ತಿದಾಗಲೂ ಒಂದೇ ಸೊನ್ನೆ. ಎಸ್‌ಡಬ್ಲ್ಯು2ಕ್ಕೆ ಸರಣಿಯಲ್ಲಿ 4.7 ಕಿಲೋ ಓಮ್ ಹಾಕಿ ಬೇರ್ಪಡಿಸಲು ನೋಡಿದೆ. 1 ಕಿಲೋ ಓಮ್ ಪುಲ್-ಅಪ್ ಇದ್ದರೂ ಅವು 2.72, 2.75, 2.81, 2.92 ವೋಲ್ಟಿನಲ್ಲಿ ಒಂದರ ಮೇಲೊಂದು ಬಿದ್ದವು. ಆ ಸೆಟ್ಟನ್ನು ವಾಪಸ್ ಕೊಟ್ಟಾಗ 1,500 ಕಳೆದುಕೊಂಡೆ.

ಹಾರ್ನ್ ಹೊಡೆದಾಗ ಒಮ್ಮೊಮ್ಮೆ ಹಾಡು ತಾನೇ ಬದಲಾಗುತ್ತಿತ್ತು. ಕೀ1 ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್, ಅದೇ 104 ನಂಬರಿನ ಸೆರಾಮಿಕ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದಾದೀತೇ ಎಂದು 47 ಮೈಕ್ರೋಫ್ಯಾರಡ್ ಹಾಕಿ ನೋಡಿದೆ. ಕೆಟ್ಟಿತು. ಬಟನ್ ಬಿಟ್ಟ ಮೇಲೆ ವೋಲ್ಟೇಜ್ ನಿಧಾನ ಏರುತ್ತಾ ದಾರಿಯಲ್ಲಿ ಉಳಿದ ಬಟನ್‌ಗಳ ಮಟ್ಟವನ್ನೂ ದಾಟುತ್ತದೆ. ಸೀಕ್ ಒತ್ತಿ ಬಿಟ್ಟರೆ ವಾಲ್ಯೂಮೂ ಜಿಗಿಯುತ್ತಿತ್ತು.

ಇನ್ನೊಂದು ಪ್ರಯೋಗ, ಎಸ್.ಪಿ. ರಸ್ತೆಯಿಂದ ತಂದ ಪ್ರೊ ಮೈಕ್ರೋ ಎಂಬ ಪುಟ್ಟ ಪ್ರೋಗ್ರಾಂ ಮಾಡಬಲ್ಲ ಬೋರ್ಡು. ಬಟನ್‌ಗಳನ್ನು ಅದು ಓದಿ, ಯುಎಸ್‌ಬಿ ಕೀಬೋರ್ಡಿನಂತೆ ಸೆಟ್‌ಗೆ ಹೇಳುವ ಹಾಗೆ ಮಾಡಿದೆ. ಚೆನ್ನಾಗಿಯೇ ನಡೆಯಿತು. ಆದರೆ ಕೀ ಆನ್ ಮಾಡಿದ ಮೇಲೆ ಎಂಟು ಹತ್ತು ಸೆಕೆಂಡು ಬಟನ್ ಏಳುವುದಿಲ್ಲ, ಒಂದು ಯುಎಸ್‌ಬಿ ಪೋರ್ಟೂ ಹೋಗುತ್ತದೆ. ಕೀ ವೈರೇ ಇಲ್ಲದ ಸೆಟ್ ಇದ್ದವರಿಗೆ ಇದು ದಾರಿ. 500 ರೂಪಾಯಿಯೊಳಗೆ ಮುಗಿಯುತ್ತದೆ. ಸ್ಟೀರಿಂಗ್‌ಗೆ ಕಟ್ಟುವ ವೈರ್‌ಲೆಸ್ ರಿಮೋಟಿಗೆ 700 ಹಾಕಿದ್ದೆ, ಅದು ಪೂರ್ತಿ ದಂಡ.

ಬಟನ್ ಕಲಿಸುವಾಗ ಎಂಜಿನ್ ಓಡುತ್ತಿರಲಿ, ಹೆಡ್‌ಲೈಟೂ ಎಸಿಯೂ ಆನ್ ಇರಲಿ. ಒಂದೊಂದನ್ನೂ ಅದುಮಿ ಹಿಡಿದೇ ಪರದೆಯ ಚಿಹ್ನೆ ಮುಟ್ಟಬೇಕು. ಎಲ್ಲ ಮುಗಿದ ಮೇಲೆ ಸೇವ್ ಮಾಡಿ, ಕೀ ತೆಗೆದು ಹತ್ತು ನಿಮಿಷ ಬಿಟ್ಟು ಪರೀಕ್ಷಿಸಿ. ಕಲಿಸಿದ್ದನ್ನು ಸೆಟ್ ಮರೆತಿದ್ದರೆ ಅದರ ಹಳದಿ (ಸದಾ ಕರೆಂಟು) ಮತ್ತು ಕೆಂಪು (ಕೀ ಆನ್ ಆದಾಗ ಮಾತ್ರ ಕರೆಂಟು) ವೈರ್ ಬಹುಶಃ ಅದಲುಬದಲಾಗಿರುತ್ತದೆ. ಕಿತ್ತಳೆ ವೈರನ್ನು ಇಲ್ಯುಮಿನೇಷನ್ (ಡ್ಯಾಶ್ ದೀಪದ) ಪ್ಲಸ್‌ಗೆ ಮಾತ್ರ ಕೊಡಿ. ಟೊಯೊಟಾದ ಇಲ್ಯುಮಿನೇಷನ್ ಮೈನಸ್ ಹೋಗುವುದು ಡಿಮ್ಮರ್‌ಗೆ, ನೇರ ಅರ್ಥ್‌ಗೆ ಅಲ್ಲ. ನೀಲಿ ವೈರ್ ಆಂಟೆನಾ ಬೂಸ್ಟರ್‌ಗೆ ಹೋಗದಿದ್ದರೆ ತುಮಕೂರು ದಾಟುವ ಮೊದಲೇ ಬೆಂಗಳೂರಿನ ಎಫ್‌ಎಂ 101.3 ಕರಕರ ಅನ್ನುತ್ತದೆ. ರೇಡಿಯೊ ವಲಯ ಅಮೆರಿಕ ಎಂದಿದ್ದರೆ 104ರಂಥ ಸ್ಟೇಷನ್ ಸಿಗುವುದೇ ಇಲ್ಲ, ಯುರೋಪ್‌ಗೆ ಬದಲಿಸಿ.

ಕಾರು ನಿಂತಾಗ ಎಳೆಯುವ ಕರೆಂಟನ್ನೂ ಅಳೆಯಿರಿ. ನನ್ನದು ಮೊದಲು 180 ಮಿಲಿಆಂಪ್ ಎಳೆಯುತ್ತಿತ್ತು, ದಿನಕ್ಕೆ 4 ಆಂಪ್-ಅವರ್‌ಗೂ ಮೇಲೆ. ಹತ್ತು ದಿನ ನಿಲ್ಲಿಸಿದರೆ ಡೀಸೆಲ್ ಗಾಡಿ ಸ್ಟಾರ್ಟ್ ಆಗುವುದು ಕಷ್ಟ. ಕೀ ತೆಗೆದ ಮೇಲೂ ಸೆಟ್ ಎಚ್ಚರವಿರುವ ಸ್ಲೀಪ್ ಅವಧಿ ಕಡಿಮೆ ಮಾಡಿದ ಮೇಲೆ 12 ಮಿಲಿಆಂಪ್ ಆಸುಪಾಸಿಗೆ ಇಳಿಯಿತು.

ಖರ್ಚು ನೆನಪಿನಿಂದ: ಎರಡನೇ ಸೆಟ್ 9,500, ಫ್ರೇಮ್ 1,200, ರೆಡಿಮೇಡ್ ಸಾಕೆಟ್ 350, ಗುಜರಿ ಸೆಟ್ 300, ಬಟ್ಟೆ ಟೇಪು, ರೆಸಿಸ್ಟರ್, ಚಿಲ್ಲರೆ ಎಲ್ಲ ಸೇರಿ 150. ಪೋಲಾದದ್ದು 2,200. ಹಳೇ ಸೆಟ್ ಅಟ್ಟದ ಮೇಲಿದೆ. ಗಾಡಿ ಮಾರುವ ದಿನ ಇಪ್ಪತ್ತು ನಿಮಿಷದಲ್ಲಿ ಅದನ್ನೇ ವಾಪಸ್ ಕೂರಿಸಬಹುದು, ಕಪ್ಲರ್‌ಗಳೆಲ್ಲ ಕಂಪನಿಯಿಂದ ಬಂದ ಹಾಗೇ ಇವೆ.