ಕಚೇರಿಯ ಜಾಲಕ್ಕೆ ಸ್ವಂತ ವೈಫೈ ರೂಟರ್ ಜೋಡಿಸುವುದು ಹೇಗೆ?

ಮುಂಬೈನ ಫೋರ್ಟ್ ಭಾಗದ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ದುಡಿಯುವವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಮುಂಬಾಗಿಲ ಬಳಿ ವೈಫೈ ಚುರುಕಾಗಿರುತ್ತದೆ. ಎರಡು ದಪ್ಪ ಗೋಡೆ ದಾಟಿ ಒಳಕೋಣೆಗೆ ಬಂದರೆ ಸಿಗ್ನಲ್ ಮಾಯ. ಗೋಡೆಯಲ್ಲಿ ನೆಟ್‌ವರ್ಕ್ ಸಾಕೆಟ್ ಇದೆ, ಡೊಂಬಿವಲಿಯ ಮನೆಯಲ್ಲಿ ಹಳೆಯ ರೂಟರ್ ಸುಮ್ಮನೆ ಬಿದ್ದಿದೆ. ತಂದು ಸಿಕ್ಕಿಸಿದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಕೆಲಸ ಕಷ್ಟದ್ದೇನಲ್ಲ. ಆದರೆ ಕೇಳದೆ, ತಿಳಿಯದೆ ಸಿಕ್ಕಿಸಿದ ಒಂದು ಕೇಬಲ್ ಇಡೀ ಮಹಡಿಯ ಕೆಲಸವನ್ನು ನಿಲ್ಲಿಸಬಲ್ಲದು.

ಮೊದಲು ಅನುಮತಿ ಪಡೆಯಿರಿ. ಜಾಲವನ್ನು ನೋಡಿಕೊಳ್ಳುವವರಿಗೆ ಇ-ಮೇಲ್ ಬರೆದು ರೂಟರ್‌ನ ಮಾದರಿ, ಅದರ ತಳದ ಚೀಟಿಯಲ್ಲಿರುವ ಮ್ಯಾಕ್ ವಿಳಾಸ (ಸಾಧನವನ್ನು ಗುರುತಿಸುವ ಸಂಖ್ಯೆ), ಇಡುವ ಜಾಗ, ಬಳಸುವವರು ಯಾರು ಎಂಬುದನ್ನು ತಿಳಿಸಿ. ಇದು ಬರಿಯ ಶಿಷ್ಟಾಚಾರವಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಉಗ್ರರ ಇ-ಮೇಲ್ ಹೋದದ್ದು ನವಿ ಮುಂಬೈನ ಸಾನ್ಪಾಡಾದ ಮನೆಯೊಂದರ ವೈಫೈ ಮೂಲಕ. ಮರು ತಿಂಗಳೇ ಮುಂಬೈನ ಮಾಟುಂಗಾದಲ್ಲಿ ಕಾಲೇಜೊಂದರ ವೈಫೈ ಹಾಗೆಯೇ ದುರ್ಬಳಕೆಯಾಯಿತು. ಇಂಥ ಪ್ರಕರಣದಲ್ಲಿ ಪೊಲೀಸರು ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಕಚೇರಿಯಲ್ಲಾದರೆ ಆ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆ. ಅನೇಕ ಸಂಸ್ಥೆಗಳಲ್ಲಿ ಜಾಲದ ಕೇಬಲ್‌ಗಳನ್ನು ಕೂಡಿಸುವ ಸ್ವಿಚ್‌ಗಳು ಅಪರಿಚಿತ ಸಾಧನ ಕಂಡೊಡನೆ ಆ ಪೋರ್ಟನ್ನೇ ಮುಚ್ಚಿಬಿಡುವುದೂ ಉಂಟು. ‘ಬೇಡ’ ಎಂದರೆ ಒತ್ತಾಯ ಬೇಡ. ಒಳಕೋಣೆಗೆ ಸಂಸ್ಥೆಯದೇ ಆಕ್ಸೆಸ್ ಪಾಯಿಂಟ್ (ಕೇಬಲ್ ಜಾಲವನ್ನು ವೈಫೈ ಆಗಿ ಹರಡುವ ಸಾಧನ) ಹಾಕಿಸಿಕೊಡಿ ಎಂದು ಕೇಳಿ.

ಒಪ್ಪಿಗೆ ಸಿಕ್ಕಿತೆನ್ನಿ. ರೂಟರನ್ನು ಕಚೇರಿಯ ಸಾಕೆಟ್‌ಗೆ ಜೋಡಿಸುವ ಮೊದಲೇ ಸಿದ್ಧಪಡಿಸಬೇಕು. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟ್‌ಗೆ, ಅಂದರೆ ಕಂಪ್ಯೂಟರ್‌ಗಳನ್ನು ಜೋಡಿಸುವ ಕಿಂಡಿಗೆ, ಕೇಬಲ್‌ನಿಂದ ಜೋಡಿಸಿ, ಬ್ರೌಸರ್‌ನಲ್ಲಿ ಚೀಟಿಯ ಮೇಲಿನ ವಿಳಾಸ ಹಾಕಿ, ಸಾಮಾನ್ಯವಾಗಿ 192.168.0.1 ಅಥವಾ 192.168.1.1 ಇರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಫರ್ಮ್‌ವೇರ್, ಅಂದರೆ ರೂಟರ್‌ನ ಒಳಗಿನ ತಂತ್ರಾಂಶ, ನವೀಕರಿಸಿ. ಭದ್ರತೆಗೆ ಡಬ್ಲ್ಯುಪಿಎ3 ಆರಿಸಿ, ಅದಿಲ್ಲದಿದ್ದರೆ ಡಬ್ಲ್ಯುಪಿಎ2. ಗುಂಡಿ ಅಥವಾ ಪಿನ್‌ನಿಂದ ಸಾಧನ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಲ್ಲಿಸಿಬಿಡಿ. ಪಾಸ್‌ವರ್ಡ್ ಉದ್ದವಾಗಿರಲಿ, ಮನೆಯದೇ ಇಲ್ಲಿಗೂ ಬೇಡ.

ಇನ್ನು ಎಲ್ಲರೂ ಎಡವುವ ಜಾಗ. ಮನೆಯ ರೂಟರ್ ತನಗೆ ಜೋಡಿಸಿದ ಪ್ರತಿ ಸಾಧನಕ್ಕೂ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದರ ಸಂಖ್ಯೆ, ಹಂಚುತ್ತದೆ. ಈ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಕಚೇರಿಯಲ್ಲಿ ಈ ಹಂಚಿಕೆಗೆ ಬೇರೊಂದು ಸರ್ವರ್ ಆಗಲೇ ಇರುತ್ತದೆ. ನಿಮ್ಮ ರೂಟರ್‌ನ ಲ್ಯಾನ್ ಪೋರ್ಟ್ ಆ ಜಾಲಕ್ಕೆ ಸೇರಿದರೆ, ಒಂದೇ ಹೋಟೆಲಿನಲ್ಲಿ ಇಬ್ಬರು ಬೇರೆ ಬೇರೆ ಸರಣಿಯ ಟೋಕನ್ ಕೊಟ್ಟಂತೆ ಆಗುತ್ತದೆ. ಪಕ್ಕದ ಮೇಜಿನವರ ಕಂಪ್ಯೂಟರ್‌ಗೆ 10.20.4.37ರ ಬದಲು 192.168.0.105 ಸಿಗುತ್ತದೆ. ಲೆಕ್ಕಪತ್ರದ ಟ್ಯಾಲಿ ತೆರೆಯುವುದಿಲ್ಲ, ಪ್ರಿಂಟರ್ ಕಾಣುವುದಿಲ್ಲ. ಅದೂ ಎಲ್ಲರಿಗೂ ಒಮ್ಮೆಗೇ ಆಗುವುದಿಲ್ಲ. ಯಾರ ವಿಳಾಸದ ಅವಧಿ ಮುಗಿಯಿತೋ, ಯಾರು ಯಂತ್ರವನ್ನು ಹೊಸದಾಗಿ ಶುರು ಮಾಡಿದರೋ ಅವರಿಗಷ್ಟೇ. ಹೀಗಾಗಿ ಕಾರಣ ಹುಡುಕುವವರಿಗೆ ದಿನವೆಲ್ಲ ತಲೆನೋವು.

ಇದಕ್ಕೆ ಪರಿಹಾರ, ವಿಳಾಸ ಹಂಚದೆ ಬರಿಯ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್. ಈಚಿನ ರೂಟರ್‌ಗಳಲ್ಲಿ ಅದು ನೇರವಾಗಿ ಸಿಗುತ್ತದೆ. ಆರಿಸಿದರೆ ಡಿಎಚ್‌ಸಿಪಿ ತಾನೇ ನಿಲ್ಲುತ್ತದೆ. ಹಳೆಯದಾದರೆ ಕೈಯಿಂದಲೇ ಮಾಡಬೇಕು. ಮೊದಲು ರೂಟರ್‌ನ ಲ್ಯಾನ್ ವಿಳಾಸವನ್ನು ಐಟಿಯವರು ಕೊಟ್ಟ ಸಂಖ್ಯೆಗೆ ಬದಲಿಸಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಆಮೇಲೆ ಡಿಎಚ್‌ಸಿಪಿ ನಿಲ್ಲಿಸಿ. ಕ್ರಮ ತಿರುವುಮುರುವಾದರೆ ಮತ್ತೆ ಒಳಹೋಗಲು ಲ್ಯಾಪ್‌ಟಾಪ್‌ಗೆ ವಿಳಾಸವನ್ನು ನೀವೇ ತುಂಬಬೇಕಾಗುತ್ತದೆ. ಬಳಿಕ ಗೋಡೆಯಿಂದ ಬಂದ ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಿ, ಇಂಟರ್ನೆಟ್ ಕೇಬಲ್‌ಗೆಂದೇ ಇರುವ ವ್ಯಾನ್ ಪೋರ್ಟ್ ಖಾಲಿ ಬಿಡಿ. ಒಂದೇ ಕೇಬಲ್ ಸಾಕು. ಎರಡು ಹಾಕಿದರೆ ಜಾಲದಲ್ಲಿ ಮಾಹಿತಿ ಸುತ್ತುತ್ತಲೇ ಉಳಿದು ಎಲ್ಲವೂ ಸ್ಥಗಿತಗೊಳ್ಳಬಹುದು.

ವ್ಯಾನ್ ಪೋರ್ಟ್‌ಗೇ ಹಾಕಿ ರೂಟರಾಗಿಯೇ ಬಳಸಬಾರದೇ? ಇಂಟರ್ನೆಟ್ ಬರುತ್ತದೆ, ನಿಜ. ಆದರೆ ಆಗ ಅದರ ಹಿಂದಿನ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳು ಕಚೇರಿಯ ಜಾಲಕ್ಕೆ ಒಂದೇ ವಿಳಾಸವಾಗಿ ಕಾಣುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಿಕೊಳ್ಳಬೇಕು. ಯಾರು ಏನು ಮಾಡಿದರೆಂದು ತಿಳಿಯದ ಲಾಗ್ ಇದ್ದೇನು ಫಲ? ಆಕ್ಸೆಸ್ ಪಾಯಿಂಟ್ ಮೋಡನ್ನೇ ನಾನು ಒತ್ತಿ ಹೇಳುವುದು ಇದಕ್ಕಾಗಿ.

ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಇಡಬೇಡಿ. ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ 1, 6, 11ನೇ ಚಾನೆಲ್‌ಗಳ ಪೈಕಿ ಕಚೇರಿಯ ವೈಫೈ ಬಳಸದಿರುವುದನ್ನು ಆರಿಸಿ. ಅದೇ ಕೋಣೆಯಲ್ಲಿ ಕೂರುವವರಿಗೆ 5 ಗಿಗಾಹರ್ಟ್ಸ್ ಉತ್ತಮ. ಆದರೆ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ.

ಈಗ ಫೋನ್ ಜೋಡಿಸಿ, ವೈಫೈ ವಿವರದಲ್ಲಿ ಐಪಿ ವಿಳಾಸ ನೋಡಿ. ಕಚೇರಿಯ ಸರಣಿಯದೇ ಬಂದಿದ್ದರೆ ಸರಿ. ರೂಟರ್ ಸರಣಿಯದು ಬಂದಿದ್ದರೆ ತಕ್ಷಣ ಕೇಬಲ್ ಕಿತ್ತು ಡಿಎಚ್‌ಸಿಪಿಯನ್ನು ಮತ್ತೆ ಪರೀಕ್ಷಿಸಿ. ಕಕ್ಷಿದಾರರಿಗೆ, ಗ್ರಾಹಕರಿಗೆ ಈ ಪಾಸ್‌ವರ್ಡ್ ಕೊಡಬೇಡಿ. ಕೆಲವು ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬಂದ ಮೇಲೆ ಅತಿಥಿ ಜಾಲವೂ ಒಳಜಾಲಕ್ಕೇ ತೆರೆದಿರುತ್ತದೆ. ಕೆಲಸ ಬಿಡುವಾಗ ರೂಟರನ್ನು ಕೊಂಡೊಯ್ಯುವಿರಾದರೆ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಎಲ್ಲವನ್ನೂ ಅಳಿಸಿ, ಸಾಧನವನ್ನು ತೆಗೆದಿದ್ದೀರೆಂದು ಐಟಿಯವರಿಗೆ ತಿಳಿಸಿ.