ಮಾತ್ರೆಯನ್ನು ಪುಡಿ ಮಾಡದೆ ಪರೀಕ್ಷಿಸುವುದು: ಡೆಸಿ ಜೊತೆ ನನ್ನ ಅನುಭವ

ಮಾತ್ರೆಯಲ್ಲಿ ಏನಿದೆ ಅಂತ ನೋಡೋಕೆ ಮಾಮೂಲಿ ದಾರಿ ಗೊತ್ತೇ ಇದೆ ಅಲ್ವಾ? ಪುಡಿ ಮಾಡಿ, ಕರಗಿಸಿ, ಸೋಸಿ, ಕಾಲಂನಲ್ಲಿ (ವಸ್ತುಗಳನ್ನು ಬೇರ್ಪಡಿಸುವ ಕ್ರೊಮಟೋಗ್ರಫಿ ಕೊಳವೆಯಲ್ಲಿ) ಹಾಯಿಸಬೇಕು. ಡೆಸಿಯಲ್ಲಿ (DESI, ಅಂದರೆ ಡಿಸಾರ್ಪ್ಷನ್ ಎಲೆಕ್ಟ್ರೋಸ್ಪ್ರೇ ಅಯನೀಕರಣ) ಇದ್ಯಾವುದೂ ಬೇಡ. ಮಾತ್ರೆಯನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬಾಯಿಯ ಮುಂದೆ ಹಾಗೇ ಇಟ್ಟು, ವಿದ್ಯುತ್ ಚಾರ್ಜ್ ಇರುವ ದ್ರಾವಕವನ್ನು ಅದರ ಮೇಲೆ ಸ್ಪ್ರೇ ಮಾಡುತ್ತೇವೆ. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡ ಪ್ರಕಟಿಸಿದ ವಿಧಾನ ಇದು. ದ್ರಾವಕದ ತೆಳು ಪದರದಲ್ಲಿ ಮೇಲ್ಮೈಯ ವಸ್ತು ಕರಗುತ್ತದೆ. ಹಿಂದೆಯೇ ಬಂದ ಹನಿಗಳು ಆ ಪದರಕ್ಕೆ ಬಡಿದು, ಇನ್ನೂ ಸಣ್ಣ ಹನಿಗಳು ಸಿಡಿದು ಉಪಕರಣದೊಳಗೆ ಹೋಗುತ್ತವೆ.

ಹೆಚ್ಚು ಸಮಯ ಹಿಡಿಯೋದು ಸ್ಪ್ರೇಯ ಕೋನ ಮತ್ತು ದೂರ ಹೊಂದಿಸೋಕೆ. ನಾನು ಮಾಡೋದು ಹೀಗೆ. ರೋಡಮೈನ್ 6ಜಿ ಎಂಬ ಬಣ್ಣ ಇರುವ ಕೆಂಪು ಮಾರ್ಕರ್‌ನಿಂದ ಗಾಜಿನ ಸ್ಲೈಡ್ ಮೇಲೆ ಒಂದು ಗೆರೆ ಎಳೆಯುತ್ತೇನೆ. ದ್ರಾವಕ ಅರ್ಧ ಮೆಥನಾಲ್, ಅರ್ಧ ನೀರು, ಜೊತೆಗೆ ಚೂರು ಫಾರ್ಮಿಕ್ ಆಸಿಡ್. ಸ್ಪ್ರೇ ತುದಿ ಮೇಲ್ಮೈಯಿಂದ ಸುಮಾರು 2 ಮಿ.ಮೀ. ದೂರ, ಕೋನ 55 ಡಿಗ್ರಿ ಆಸುಪಾಸು. ಆಮೇಲೆ ಪರದೆಯಲ್ಲಿ ಆ ಬಣ್ಣದ 443ರ ಪೀಕ್ ಮೇಲೆ (ಇಲ್ಲಿನ ಪೀಕ್ ಸಂಖ್ಯೆಗಳೆಲ್ಲ ಚಾರ್ಜ್ ಇರುವ ಅಣು ಅಥವಾ ಅದರ ತುಂಡಿನ ತೂಕವನ್ನು ಚಾರ್ಜ್‌ನಿಂದ ಭಾಗಿಸಿದ್ದು) ಕಣ್ಣಿಟ್ಟು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಪೀಕ್ ಮೇಲೇರಿ ಅಲ್ಲೇ ನಿಂತರೆ ಜಾಗ ಸಿಕ್ಕಿತು ಅಂತ. ಸ್ಲೈಡನ್ನೂ ನೋಡುತ್ತಿರಿ. ಗೆರೆಯ ಅಂಚು ಕದಡಿ ಬಣ್ಣ ಹರಿಯುತ್ತಿದ್ದರೆ ದ್ರಾವಕ ಜಾಸ್ತಿಯಾಗಿದೆ. ಮೇಲ್ಮೈಯಲ್ಲಿ ಯಾವ ವಸ್ತು ಎಲ್ಲಿದೆ ಅನ್ನೋ ಚಿತ್ರ ತೆಗೆಯೋರಿಗೆ ಇದು ತುಂಬಾ ಮುಖ್ಯ.

ಇಷ್ಟಾದ ಮೇಲೆ ಮಾತ್ರೆ ಇಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಉತ್ತರ. ಪ್ಯಾರಾಸಿಟಮಾಲ್, ಕೆಫೀನ್ ಎರಡೂ ಇದ್ದರೆ ಕ್ರಮವಾಗಿ 152 ಮತ್ತು 195ರ ಪೀಕ್‌ಗಳು ಒಟ್ಟಿಗೇ ಏಳುತ್ತವೆ. ಸೋಡಿಯಂ ಅಂಟಿಕೊಂಡ ಪ್ಯಾರಾಸಿಟಮಾಲ್ 174ರಲ್ಲಿ ಕಾಣಬಹುದು. ಅಷ್ಟಕ್ಕೇ ಸುಮ್ನೆ ಹೆಸರು ಬರೆದುಬಿಡಬೇಡಿ. ಅಯಾನನ್ನು, ಅಂದರೆ ಆ ಚಾರ್ಜ್ ಇರುವ ಅಣುವನ್ನು, ಉಪಕರಣದೊಳಗೇ ಒಡೆದು ನೋಡಿ: 152 ಒಡೆದರೆ 110, 195 ಒಡೆದರೆ 138 ಬರಬೇಕು. ಪ್ಲಾಸ್ಟಿಕ್ಕಿನಿಂದ ಬರುವ ಥ್ಯಾಲೇಟ್‌ಗಳ 149 ಮತ್ತು 391 ಆಗಾಗ ಇಣುಕುತ್ತವೆ. ಹಾಗಾಗಿ ಖಾಲಿ ಸ್ಲೈಡಿನ ಸ್ಪೆಕ್ಟ್ರಮ್ (ಪೀಕ್‌ಗಳ ನಕ್ಷೆ) ಹೋಲಿಸೋಕೆ ಪಕ್ಕದಲ್ಲಿರಲೇಬೇಕು.

ಲೇಪನ ಇರುವ ಮಾತ್ರೆಯಾದರೆ ಮೊದಲು ಕಾಣೋದು ಲೇಪನವೇ. ಅಂಥ ಮಾತ್ರೆಯನ್ನು ಬ್ಲೇಡಿನಿಂದ ಕತ್ತರಿಸಿ ಒಳಮುಖವನ್ನು ಸ್ಪ್ರೇಗೆ ತೋರಿಸುತ್ತೇನೆ. ಇನ್ನು ಪ್ರಮಾಣದ ವಿಷಯ. ಮೇಲ್ಮೈ ಒರಟಾಗಿದ್ದರೂ, ಸುತ್ತ ಬೇರೆ ವಸ್ತುಗಳಿದ್ದರೂ ಪೀಕಿನ ಎತ್ತರ ಏರುಪೇರಾಗುತ್ತದೆ. 'ಏನಿದೆ' ಅಂತ ಕೇಳಿದರೆ ಡೆಸಿಯಿಂದ ಧೈರ್ಯವಾಗಿ ಹೇಳುತ್ತೇನೆ. 'ಎಷ್ಟು ಮಿಲಿಗ್ರಾಂ' ಅಂತ ಕೇಳಿದವರ ಮಾತ್ರೆ ಮಾತ್ರ ಈಗಲೂ ಕಾಲಂ ಕಡೆಗೇ ಹೋಗುತ್ತದೆ.